ಖಾಲಿ ಎಂದು ಹೇಳುವವರು ಯಾರು?

ಕೆರಿಬಿಯನ್ ಸಮುದ್ರದಲ್ಲಿರುವ, ಅಮೆರಿಕಕ್ಕೆ ಸೇರಿದ ಪೋರ್ಟೊ ರಿಕೊ ದ್ವೀಪದಲ್ಲಿ, ಸಾನ್ ಹುವಾನ್ ವಿಮಾನ ನಿಲ್ದಾಣದ ಕಾವಲಿಗೆಂದೇ ಒಂದು ಹವಾಮಾನ ರೇಡಾರ್ ಇದೆ. 2009ರ ಆರಂಭದಲ್ಲಿ ಅದರ ಪರದೆಯ ಮೇಲೆ ಮಳೆಯಲ್ಲದ ಮಳೆ ಕಾಣಿಸಿಕೊಳ್ಳತೊಡಗಿತು. ನಡುವಿನಿಂದ ಹೊರಟು ಅಂಚಿನವರೆಗೆ ನೇರವಾಗಿ ಚಾಚಿಕೊಂಡ ಗೆರೆಗಳು. ಮೋಡ ಎಷ್ಟೇ ವಿಚಿತ್ರವಾಗಿ ಕವಿದರೂ ಅಳತೆಪಟ್ಟಿ ಇಟ್ಟು ಎಳೆದ ಹಾಗೆ ಕವಿಯುವುದಿಲ್ಲ.

ಗೆರೆ ಯಾಕೆ ಬೀಳುತ್ತದೆ ಎಂಬುದು ಸರಳ. ರೇಡಾರ್ ಸುತ್ತುತ್ತ ಸುತ್ತುತ್ತ ಒಂದೊಂದು ದಿಕ್ಕಿಗೂ ರೇಡಿಯೊ ಮಿಡಿತಗಳನ್ನು ಕಳಿಸಿ, ಮಳೆಹನಿಗೆ ಬಡಿದು ವಾಪಸಾಗುವ ಪ್ರತಿಧ್ವನಿಗೆ ಕಿವಿಗೊಡುತ್ತದೆ. ಪ್ರತಿಧ್ವನಿ ಬರಲು ಹಿಡಿದ ಸಮಯದಿಂದ ದೂರದ ಲೆಕ್ಕ ಸಿಗುತ್ತದೆ. ಆದರೆ ಆ ದಿಕ್ಕಿನಲ್ಲಿ ಬೇರೊಂದು ಯಂತ್ರ ಅದೇ ಕಂಪನಾಂಕದಲ್ಲಿ ಎಡೆಬಿಡದೆ ಮಾತಾಡುತ್ತಿದ್ದರೆ ಹತ್ತಿರದಿಂದಲೂ ದೂರದಿಂದಲೂ ಏನೋ ವಾಪಸು ಬರುತ್ತಿದೆ ಎಂದೇ ರೇಡಾರ್ ತಿಳಿಯುತ್ತದೆ. ಆ ದಿಕ್ಕಿನುದ್ದಕ್ಕೂ ಬಣ್ಣ ಬಳಿದುಬಿಡುತ್ತದೆ. ಒಂದು ಅನುಕೂಲವೆಂದರೆ, ಆ ಗೆರೆಯೇ ತಪ್ಪಿತಸ್ಥ ಯಾವ ಕಡೆ ಇದ್ದಾನೆ ಎಂದು ಬೆರಳು ಮಾಡಿ ತೋರಿಸುತ್ತದೆ.

ಎಂಜಿನಿಯರುಗಳು ಗೆರೆಯ ಜಾಡು ಹಿಡಿದು ಹೊರಟಾಗ ಸಿಕ್ಕಿದ್ದು ಕಳ್ಳ ರೇಡಿಯೊ ಕೇಂದ್ರವಲ್ಲ, ಎತ್ತರದ ಜಾಗಗಳಲ್ಲಿ ಕಂಬಕ್ಕೆ ಕಟ್ಟಿದ ಸಾಧಾರಣ ಇಂಟರ್ನೆಟ್ ಪೆಟ್ಟಿಗೆಗಳು. ತಂತಿ ಎಳೆಯಲಾಗದ ಕಡೆಗೆ ಗಾಳಿಯಲ್ಲೇ ಸಂಪರ್ಕ ಕೊಡುವ, ವೈ-ಫೈಯ ಅಣ್ಣತಮ್ಮಂದಿರು. ಕಾನೂನುಬದ್ಧವಾಗಿ ಮಾರಾಟವಾದವು, ಪರವಾನಗಿ ಇಲ್ಲದೆ ಬಳಸಲು ಅನುಮತಿ ಇದ್ದವು. ಆದರೆ ಒಂದು ಷರತ್ತಿನ ಮೇಲೆ: ರೇಡಾರಿನ ಸದ್ದು ಕೇಳಿದರೆ ತೆಪ್ಪಗೆ ಜಾಗ ಬಿಡಬೇಕು. ಅವು ಬಿಟ್ಟಿರಲಿಲ್ಲ.

ಆ ರೇಡಾರ್ ಅಲ್ಲಿಗೆ ಬಂದದ್ದು ಹೆಣಗಳ ಲೆಕ್ಕ ಹಾಕಿದ ಮೇಲೆ. 1985ರ ಆಗಸ್ಟ್ 2ರಂದು ಅಮೆರಿಕದ ಡಲ್ಲಾಸ್-ಫೋರ್ಟ್ ವರ್ತ್ ನಿಲ್ದಾಣದಲ್ಲಿ ಇಳಿಯಲಿದ್ದ ಡೆಲ್ಟಾ 191 ವಿಮಾನ ರನ್‌ವೇ ಮುಟ್ಟುವ ಮೊದಲೇ ನೆಲಕ್ಕೆ ಅಪ್ಪಳಿಸಿತು. 137 ಜನ ಸತ್ತರು. ಕಾರಣ ಕುಸಿಗಾಳಿ: ಗುಡುಗು ಮೋಡದಿಂದ ತಣ್ಣನೆಯ ಗಾಳಿ ಒಮ್ಮೆಲೇ ಕೆಳಗೆ ಸುರಿದು, ನೆಲಕ್ಕೆ ಬಡಿದು ಸುತ್ತ ಹರಡುತ್ತದೆ. ಒಳಹೊಕ್ಕ ವಿಮಾನಕ್ಕೆ ಮೊದಲು ಎದುರುಗಾಳಿ ಸಿಕ್ಕಿ ಮೇಲೆತ್ತಿದಂತಾಗುತ್ತದೆ, ಮರುಕ್ಷಣ ಹಿಂಗಾಳಿ ಬಡಿದು ರೆಕ್ಕೆಯ ಬಲವೇ ಉಡುಗುತ್ತದೆ. ಈ ಕುಸಿಗಾಳಿಯನ್ನು ಮೊದಲೇ ಕಾಣಬಲ್ಲ ವಿಶೇಷ ಡಾಪ್ಲರ್ ರೇಡಾರುಗಳನ್ನು ಅಮೆರಿಕ ನಲವತ್ತೈದು ಕಡೆ ನಿಲ್ಲಿಸಿತು. ಅವು ಕೆಲಸ ಮಾಡುವುದು 5,600ರಿಂದ 5,650 ಮೆಗಾಹರ್ಟ್ಸ್ ನಡುವೆ.

ಅದೇ 1985ರ ಮೇ ತಿಂಗಳಲ್ಲಿ, ಈ ದುರಂತಕ್ಕೆ ಯಾವ ಸಂಬಂಧವೂ ಇಲ್ಲದೆ, ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಒಂದು ಆದೇಶ ಹೊರಡಿಸಿತ್ತು. ಮೈಕ್ರೊವೇವ್ ಒಲೆ, ಕಾರ್ಖಾನೆಯ ತಾಪಕ ಯಂತ್ರಗಳಿಗೆಂದು ಬಿಟ್ಟುಕೊಟ್ಟಿದ್ದ, ಸಂಪರ್ಕಕ್ಕೆ ಯಾರಿಗೂ ಬೇಡವಾಗಿದ್ದ ಮೂರು ತರಂಗಪಟ್ಟಿಗಳಲ್ಲಿ ಯಾರು ಬೇಕಾದರೂ ಪರವಾನಗಿ ಇಲ್ಲದೆ ರೇಡಿಯೊ ಬಳಸಬಹುದು ಎಂದಿತು: 900, 2,400 ಮತ್ತು 5,800 ಮೆಗಾಹರ್ಟ್ಸ್ ಆಸುಪಾಸು. ಇದರ ಬೆನ್ನು ಬಿದ್ದವರು ಸಂಸ್ಥೆಯೊಳಗಿನ ಎಂಜಿನಿಯರ್ ಮೈಕೆಲ್ ಮಾರ್ಕಸ್. ಮೂಲೆಗೆಸೆದ ಈ ಜಾಗದಲ್ಲೇ ಬ್ಲೂಟೂತ್ ಬೆಳೆಯಿತು. 1997ರಲ್ಲಿ ಮೊದಲ ಮಾನಕ ಹೊರಬಂದ ವೈ-ಫೈ ಬೆಳೆಯಿತು. ಪರವಾನಗಿ ಇಲ್ಲದವನ ಹಕ್ಕು ಎಷ್ಟು ಎಂಬುದನ್ನು ಅಮೆರಿಕದಲ್ಲಿ ಮಾರುವ ಇಂಥ ಉಪಕರಣಗಳ ಬೆನ್ನ ಮೇಲೋ ಕೈಪಿಡಿಯಲ್ಲೋ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಇದು ಯಾರಿಗೂ ತೊಂದರೆ ಕೊಡುವಂತಿಲ್ಲ. ಯಾರು ತೊಂದರೆ ಕೊಟ್ಟರೂ ಸಹಿಸಿಕೊಳ್ಳಬೇಕು. ಇಷ್ಟು ದೀನ ಸ್ಥಾನದಲ್ಲಿ ಹುಟ್ಟಿದ ವ್ಯವಸ್ಥೆ ಮನೆಮನೆಗೂ ಹೊಕ್ಕಿತು. ನನ್ನ ಮಟ್ಟಿಗೆ ಇದು ಕಳೆದ ಶತಮಾನದ ಕೊನೆಯ ದಶಕಗಳ ಅತಿ ಜಾಣ ಸರ್ಕಾರಿ ಆದೇಶಗಳಲ್ಲಿ ಒಂದು.

ನಮ್ಮಲ್ಲಿ ಹಾದಿ ಬೇರೆ. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆಗಳ ಕಣ್ಣಿಗೆ ತರಂಗ ಎಂದರೆ ಸರ್ಕಾರದ ಸ್ವತ್ತಾಗಿತ್ತು. ಮನೆಯಲ್ಲಿ ರೇಡಿಯೊ ಕೇಳುವುದಕ್ಕೂ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಹಣ ಕಟ್ಟಿದ ನೆನಪು ಹಿರಿಯರಿಗೆ ಇನ್ನೂ ಇರಬೇಕು. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಭಾರತ ಲೈಸೆನ್ಸ್‌ನಿಂದ ಮುಕ್ತಗೊಳಿಸಿದ್ದು 2005ರ ಜನವರಿಯಲ್ಲಿ. 5 ಗಿಗಾಹರ್ಟ್ಸಿನ 605 ಮೆಗಾಹರ್ಟ್ಸ್‌ಗಳಿಗೆ ಪೂರ್ತಿ ಬಿಡುಗಡೆ ಸಿಕ್ಕಿದ್ದು 2018ರಲ್ಲಿ.

ಯಾರಿಗೂ ಬೇಡದ ಜಾಗವನ್ನು ಎಲ್ಲರಿಗೂ ಬಿಟ್ಟುಕೊಡುವುದು ಸುಲಭ. ಕಷ್ಟ ಶುರುವಾಗುವುದು ಜಾಗಕ್ಕೆ ಒಬ್ಬ ಹಕ್ಕುದಾರನಿದ್ದು, ಅವನು ಬಹುಹೊತ್ತು ಅದನ್ನು ಬಳಸದೆ ಇರುವಾಗ. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿದವನು ಕೆಳಗೆ ಟೀ ಕುಡಿಯುತ್ತಿರುತ್ತಾನೆ. ಸೀಟು ಖಾಲಿ ಇದೆ, ಆದರೂ ಖಾಲಿ ಇಲ್ಲ. ರೇಡಿಯೊ ತರಂಗಗಳಲ್ಲಿ ಇದೇ ಪರಿಸ್ಥಿತಿ, ಟವೆಲ್ ಮಾತ್ರ ಕಾಣುವುದಿಲ್ಲ. ನೌಕಾಪಡೆಯ ರೇಡಾರ್ ವರ್ಷದಲ್ಲಿ ಕೆಲವು ದಿನ ಒಂದು ಕರಾವಳಿಗೆ ಬರಬಹುದು. ಟಿವಿ ವಾಹಿನಿಯೊಂದು ಇಡೀ ಜಿಲ್ಲೆಗೇ ತಲುಪದಿರಬಹುದು. ತರಂಗಾಂತರದ ಕೊರತೆ ಎಂದು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅದರಲ್ಲಿ ಬಹುಪಾಲು ಕೊರತೆ ತರಂಗದ್ದಲ್ಲ. ಈ ಜಾಗ, ಈ ಗಳಿಗೆ ಖಾಲಿ ಎಂದು ಖಾತ್ರಿಯಾಗಿ ಹೇಳಬಲ್ಲವರ ಕೊರತೆ.

ಮೊದಲು ಹೊಳೆದ ಉಪಾಯ: ಬಂದವನೇ ಕಿವಿಗೊಟ್ಟು ಕೇಳಲಿ. 2003ರಲ್ಲಿ ಜಿನೀವಾದ ವಿಶ್ವ ರೇಡಿಯೊ ಸಮ್ಮೇಳನ 5 ಗಿಗಾಹರ್ಟ್ಸ್ ಪಟ್ಟಿಯನ್ನು ವೈ-ಫೈಗೆ ತೆರೆದಾಗ ಹಾಕಿದ ಷರತ್ತು ಇದು. ಅದರ ಕೆಲಸವನ್ನು ನಿಮ್ಮ ಮನೆಯಲ್ಲೇ ನೋಡಬಹುದು. ರೌಟರಿನ ಸೆಟ್ಟಿಂಗಿನಲ್ಲಿ ಚಾನಲ್ 52ರಿಂದ 144ರವರೆಗಿನ ಯಾವುದನ್ನಾದರೂ ಆರಿಸಿ ಆನ್ ಮಾಡಿ. 2.4 ಗಿಗಾಹರ್ಟ್ಸಿನ ಹೆಸರು ಫೋನಿನಲ್ಲಿ ಕೂಡಲೇ ಕಾಣುತ್ತದೆ, 5 ಗಿಗಾಹರ್ಟ್ಸಿನದು ಒಂದು ನಿಮಿಷ ತಡವಾಗಿ ಬರುತ್ತದೆ. ರೌಟರ್ ಕೆಟ್ಟಿಲ್ಲ. ಅರವತ್ತು ಸೆಕೆಂಡು ಉಸಿರು ಬಿಗಿಹಿಡಿದು ರೇಡಾರಿನ ಮಿಡಿತ ಏನಾದರೂ ಇದೆಯೇ ಎಂದು ಆಲಿಸುತ್ತಿದೆ. ಕೆಲಸದ ನಡುವೆ ಮಿಡಿತ ಕೇಳಿದರೆ ಹತ್ತು ಸೆಕೆಂಡಿನೊಳಗೆ ಬೇರೆ ಚಾನಲಿಗೆ ಹೋಗಬೇಕು, ಅರ್ಧ ಗಂಟೆ ಆ ಕಡೆ ತಲೆಹಾಕಬಾರದು. ಹವಾಮಾನ ರೇಡಾರಿನ ಚಾನಲುಗಳಾದರೆ, ಅಂದರೆ 120, 124, 128, ಯೂರೋಪಿನಲ್ಲಿ ಒಂದು ನಿಮಿಷ ಸಾಲದು, ಹತ್ತು ನಿಮಿಷ ಕಾಯಬೇಕು. ಹವಾಮಾನ ರೇಡಾರಿನ ಕಿರಣ ಕಡ್ಡಿಯಷ್ಟು ತೆಳು. ಒಂದು ಸುತ್ತಿನಲ್ಲಿ ನಿಮ್ಮ ಮನೆಯತ್ತ ಕ್ಷಣಾರ್ಧ ಮಾತ್ರ ತಿರುಗುತ್ತದೆ, ಮುಂದಿನ ಸುತ್ತಿನಲ್ಲಿ ಆಕಾಶದ ಇನ್ನೊಂದು ಎತ್ತರ ನೋಡುತ್ತಿರುತ್ತದೆ.

ಕಾಲು ಮೆಗಾವ್ಯಾಟ್ ಶಕ್ತಿಯಲ್ಲಿ ಮಿಡಿಯುವ ರೇಡಾರಿಗೆ ಒಂದು ವ್ಯಾಟಿನ ಪೆಟ್ಟಿಗೆ ಏನು ಮಾಡೀತು ಎಂದು ಕೇಳಬಹುದು. ರೇಡಾರ್ ಕೂಗುವುದು ಜೋರಾಗಿ, ಕೇಳಬೇಕಾದದ್ದು ಮಾತ್ರ ಅತಿ ಕ್ಷೀಣ. ಕೂಗು ಹತ್ತಾರು ಕಿಲೋಮೀಟರ್ ಹೋಗಿ, ಮಳೆಹನಿಗಳಿಗೆ ತಾಗಿ ಎಲ್ಲ ದಿಕ್ಕಿಗೂ ಚದುರಿ, ಅದರಲ್ಲಿ ಧೂಳಿನಷ್ಟು ಪಾಲು ವಾಪಸಾಗಬೇಕು. ಪೆಟ್ಟಿಗೆಯ ಸಂಕೇತಕ್ಕೆ ಒಂದೇ ಕಡೆಯ ಪ್ರಯಾಣ. ಅದೂ ಬೆಟ್ಟದ ತುದಿಯಿಂದ, ನಡುವೆ ಏನೂ ಅಡ್ಡವಿಲ್ಲದೆ, ನೇರ ರೇಡಾರಿನ ತಟ್ಟೆಯೊಳಕ್ಕೆ.

ಸಾನ್ ಹುವಾನಿನಲ್ಲಿ ಕೈಕೊಟ್ಟದ್ದು ಭೌತವಿಜ್ಞಾನವಲ್ಲ. ಕೆಲವು ಪೆಟ್ಟಿಗೆಗಳಲ್ಲಿ ಆಲಿಸುವ ಸೌಲಭ್ಯವನ್ನೇ ಆಫ್ ಮಾಡಿದ್ದರು. ಸೆಟ್ಟಿಂಗಿನಲ್ಲಿ ದೇಶ ಯಾವುದು ಎಂಬ ಕಡೆ ಅಮೆರಿಕದ ಬದಲು ಬೇರೆ ದೇಶ ಆರಿಸಿದರೆ ಸಾಕು, ನಿರ್ಬಂಧ ತಾನಾಗಿ ಕಳಚಿಕೊಳ್ಳುತ್ತಿತ್ತು. ಒಂದು ಮೆನು, ಒಂದು ಕ್ಲಿಕ್. ಸಾವಿರಾರು ಡಾಲರುಗಳ ದಂಡ ಬಿತ್ತು. 2010ರ ಜುಲೈನಲ್ಲಿ ಎಫ್‌ಸಿಸಿ ತಯಾರಕರಿಗೂ ಸೇವೆ ಕೊಡುವವರಿಗೂ ಎಚ್ಚರಿಕೆಯ ಪತ್ರ ಬರೆಯಿತು. ರೇಡಾರಿನಿಂದ 35 ಕಿಲೋಮೀಟರ್ ಒಳಗಿರುವವರು ಅದರ ಕಂಪನಾಂಕದಿಂದ ಕನಿಷ್ಠ 30 ಮೆಗಾಹರ್ಟ್ಸ್ ದೂರ ಇರಬೇಕು, ತಮ್ಮ ಇರವನ್ನು ನೋಂದಾಯಿಸಬೇಕು ಎಂಬ ಸಲಹೆಗಳು ಬಂದವು. ಮುಂದೆ ಸೆಟ್ಟಿಂಗನ್ನೇ ಬಳಕೆದಾರನ ಕೈಗೆ ಸಿಗದಂತೆ ಬೀಗ ಹಾಕಬೇಕೆಂಬ ನಿಯಮ ಬಂತು. ಕಿವಿ ಎಷ್ಟೇ ಸೂಕ್ಷ್ಮವಾಗಿದ್ದರೂ ಅದನ್ನು ಮುಚ್ಚುವ ಗುಂಡಿ ಆಸಕ್ತನ ಕೈಯಲ್ಲೇ ಇರಬಾರದು ಎಂಬುದು ಮೊದಲೇ ಹೊಳೆಯಬೇಕಿತ್ತು.

ರೇಡಾರ್ ಆದರೆ ಕೂಗುತ್ತದೆ. ಕೂಗದೆ ಬರೀ ಕೇಳುವವರನ್ನು ಕಾಯುವುದು ಹೇಗೆ? ಟಿವಿ ಪಟ್ಟಿ ಹಂಚಿಕೊಳ್ಳಲು ಹೊರಟಾಗ ಎದುರಾದದ್ದು ಈ ಪ್ರಶ್ನೆ. ಟಿವಿ ವಾಹಿನಿಗಳ ನಡುವೆ ಊರಿಂದೂರಿಗೆ ಖಾಲಿ ಬಿಟ್ಟ ಜಾಗಗಳಿರುತ್ತವೆ. ಆ ಕಂಪನಾಂಕಗಳು ಗೋಡೆ, ಮರ, ಗುಡ್ಡದ ಏರಿಳಿತಗಳನ್ನು ದಾಟಿ ಬಲು ದೂರ ಹೋಗುತ್ತವೆ, ಹಳ್ಳಿಗಳಿಗೆ ಇಂಟರ್ನೆಟ್ ಒಯ್ಯಲು ಹೇಳಿ ಮಾಡಿಸಿದವು. ಆದರೆ ಇಲ್ಲಿ ಕಾಪಾಡಬೇಕಾದದ್ದು ಟಿವಿ ಗೋಪುರವನ್ನಲ್ಲ, ಮನೆಯೊಳಗಿನ ಟಿವಿಯನ್ನು. ಅದು ಬಾಯಿಲ್ಲದ ಯಂತ್ರ. ಕಟ್ಟಡದ ಮರೆಯಲ್ಲಿರುವ ನಿಮ್ಮ ಉಪಕರಣಕ್ಕೆ ಗೋಪುರದ ಸಂಕೇತ ಕೇಳಿಸದಿರಬಹುದು. ಪಕ್ಕದ ಮನೆಯ ಮಾಡಿನ ಮೇಲಿನ ಆಂಟೆನಾಕ್ಕೆ ಅದು ಚೆನ್ನಾಗಿ ಸಿಗುತ್ತಿರಬಹುದು. ಕೇಳಿಸಲಿಲ್ಲ, ಆದ್ದರಿಂದ ಖಾಲಿ ಎಂದು ನೀವು ಮಾತು ಶುರುಮಾಡಿದರೆ ಪಕ್ಕದವರ ಧಾರಾವಾಹಿ ಹಾಳು.

2008ರಲ್ಲಿ ಎಫ್‌ಸಿಸಿ ಈ ಪಟ್ಟಿ ತೆರೆದಾಗ ಉಪಕರಣ ಆಲಿಸಬೇಕಾದ ಮಟ್ಟವನ್ನು ಮೈನಸ್ 114 ಡಿಬಿಎಂಗೆ ಇಳಿಸಿತು. ಒಂದು ಮಿಲಿವ್ಯಾಟಿನ 25,000 ಕೋಟಿಯಲ್ಲಿ ಒಂದು ಭಾಗ. ಅದಕ್ಕೂ ಹಿಂದಿನ ವರ್ಷದ ಪರೀಕ್ಷೆಯಲ್ಲಿ ಮಾದರಿ ಉಪಕರಣವೊಂದು ಇದ್ದ ಟಿವಿ ಸಂಕೇತವನ್ನೇ ಸರಿಯಾಗಿ ಗುರುತಿಸದೆ ಮುಖಭಂಗವಾಗಿತ್ತು. ಕೊನೆಗೆ 2010ರ ನಿಯಮಗಳಲ್ಲಿ ಕಿವಿಯ ಮೇಲಿನ ಭರವಸೆಯನ್ನು ಕೈಬಿಟ್ಟು ಕಡತಕ್ಕೆ ಮೊರೆಹೋದರು. ಉಪಕರಣ ತಾನೆಲ್ಲಿದ್ದೇನೆಂದು ಜಿಪಿಎಸ್‌ನಿಂದ ತಿಳಿದುಕೊಂಡು ಒಂದು ದತ್ತಾಂಶ ಕೇಂದ್ರವನ್ನು ಕೇಳಬೇಕು. ಇಲ್ಲಿ ಇಂತಿಂಥ ಚಾನಲ್ ಖಾಲಿ ಎಂದು ಉತ್ತರ ಬರುತ್ತದೆ. ಆಗ ದಿನಕ್ಕೊಮ್ಮೆಯಾದರೂ ಮತ್ತೆ ಕೇಳಬೇಕಿತ್ತು. ಖಾಲಿ ಚಾನಲುಗಳಲ್ಲಿ ಕಾರ್ಡ್‌ಲೆಸ್ ಮೈಕು ಬಳಸುತ್ತಿದ್ದ ನಾಟಕಶಾಲೆಗಳವರು, ಚರ್ಚಿನವರು ತಮ್ಮ ಪ್ರದರ್ಶನದ ಹೊತ್ತನ್ನು ಅಲ್ಲಿ ನೋಂದಾಯಿಸಬಹುದಿತ್ತು.

ತಾಂತ್ರಿಕವಾಗಿ ಇದು ಚೆನ್ನಾಗಿಯೇ ನಡೆಯಿತು, ಮಾರುಕಟ್ಟೆಯಲ್ಲಿ ಸೋತಿತು. ಟಿವಿ ಪಟ್ಟಿಯನ್ನೇ ಕತ್ತರಿಸಿ ಮೊಬೈಲ್ ಕಂಪನಿಗಳಿಗೆ ಹರಾಜು ಹಾಕುವ ಮಾತು ನಡೆಯುತ್ತಿದ್ದಾಗ ಯಾವ ಚಿಪ್ ತಯಾರಕ ದುಡ್ಡು ಹಾಕುತ್ತಾನೆ? 2017ರಲ್ಲಿ ಮುಗಿದ ಆ ಹರಾಜಿನಿಂದ ಬಂದದ್ದು 1,980 ಕೋಟಿ ಡಾಲರ್.

ವಿಪರ್ಯಾಸವೆಂದರೆ ಈ ಪದ್ಧತಿಗೆ ಅಮೆರಿಕಕ್ಕಿಂತ ಭಾರತವೇ ಹೆಚ್ಚು ಹೊಂದುತ್ತಿತ್ತು. ನಮ್ಮಲ್ಲಿ ನೆಲದ ಮೇಲಿನ ಗೋಪುರದಿಂದ ಟಿವಿ ಪ್ರಸಾರ ಮಾಡಿದ್ದು ದೂರದರ್ಶನ ಒಂದೇ. ಮಾಡಿನ ಮೇಲೆ ಮೀನಿನ ಮೂಳೆಯಂಥ ಆಂಟೆನಾ ತಿರುಗಿಸಿ ಬಂತಾ, ಬಂತಾ ಎಂದು ಕೂಗುತ್ತಿದ್ದ ಕಾಲದಲ್ಲೂ ಸಿಗುತ್ತಿದ್ದದ್ದು ಒಂದೆರಡು ವಾಹಿನಿ. ಐಐಟಿ ಬಾಂಬೆಯ ಸಂಶೋಧಕರು 470ರಿಂದ 590 ಮೆಗಾಹರ್ಟ್ಸಿನ ಹದಿನೈದು ಚಾನಲುಗಳನ್ನು ಲೆಕ್ಕಹಾಕಿದಾಗ ಬಹುತೇಕ ಎಲ್ಲ ಕಡೆ ಕನಿಷ್ಠ ಹನ್ನೆರಡು ಖಾಲಿ ಇದ್ದವು. ಅದೇ ಸಂಸ್ಥೆಯವರು ಮಹಾರಾಷ್ಟ್ರದ ಪಾಲ್ಘರ್ ಭಾಗದ ಹಳ್ಳಿಗಳಿಗೆ ಈ ತರಂಗಗಳ ಮೂಲಕ ಇಂಟರ್ನೆಟ್ ಒಯ್ದು ತೋರಿಸಿದರು. ವಿಷಯ ಪ್ರಾಯೋಗಿಕ ಪರವಾನಗಿಯಾಚೆ ಹೆಚ್ಚು ದೂರ ಹೋಗಲಿಲ್ಲ. ತರಂಗ ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತ್ತು. 2012ರಲ್ಲಿ 122 ಟೆಲಿಕಾಂ ಪರವಾನಗಿಗಳನ್ನು ಒಂದೇ ತೀರ್ಪಿನಲ್ಲಿ ರದ್ದುಮಾಡಿತ್ತು. ಆಮೇಲೆ ಹರಾಜಿಲ್ಲದೆ ತರಂಗ ಬಿಟ್ಟುಕೊಡುವ ಕಡತಕ್ಕೆ ಸಹಿ ಹಾಕಲು ಯಾವ ಅಧಿಕಾರಿಯ ಕೈ ನಡುಗದೆ ಇದ್ದೀತು? ಈ ನಡುವೆ ದೂರದರ್ಶನವೂ ತನ್ನ ಹಳೆಯ ಅನಲಾಗ್ ಗೋಪುರಗಳಲ್ಲಿ ಬಹುಪಾಲನ್ನು ನಿಲ್ಲಿಸಿಬಿಟ್ಟಿತು.

ಕಡತದ ಉಪಾಯಕ್ಕೆ ಇನ್ನೊಂದು ತೊಡಕಿದೆ. ಹಕ್ಕುದಾರ ತಾನೆಲ್ಲಿದ್ದೇನೆಂದು ಹೇಳಲು ಒಪ್ಪಬೇಕಲ್ಲ? ಅಮೆರಿಕದ ವಿಮಾನವಾಹಕ ಹಡಗುಗಳ ರೇಡಾರ್ 3.5 ಗಿಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತದೆ. ಯಾವ ಹಡಗು ಇವತ್ತು ಯಾವ ಬಂದರಿನ ಬಳಿ ಇದೆ ಎಂದು ನೌಕಾಪಡೆ ಯಾವ ಖಾಸಗಿ ಕಂಪ್ಯೂಟರಿಗೂ ಹೇಳುವುದಿಲ್ಲ. ಆರಂಭದ ಸರ್ಕಾರಿ ಲೆಕ್ಕದಲ್ಲಿ ಕರಾವಳಿಯಿಂದ ನೂರಾರು ಕಿಲೋಮೀಟರ್ ಒಳಗಿನವರೆಗೂ ಯಾರೂ ಈ ಪಟ್ಟಿ ಮುಟ್ಟಬಾರದು ಎಂದಿತ್ತು. ಆ ದೇಶದ ದೊಡ್ಡ ನಗರಗಳಲ್ಲಿ ಅನೇಕವು ಇರುವುದೇ ಕಡಲಂಚಿನಲ್ಲಿ.

2015ರಲ್ಲಿ ರೂಪುಗೊಂಡ ಪರಿಹಾರವೇ ಸಿಬಿಆರ್‌ಎಸ್. 3,550ರಿಂದ 3,700ರವರೆಗಿನ 150 ಮೆಗಾಹರ್ಟ್ಸಿನಲ್ಲಿ ಮೂರು ದರ್ಜೆ. ಮೇಲೆ ನೌಕಾಪಡೆಯಂಥ ಹಳೆಯ ಹಕ್ಕುದಾರರು. ನಡುವೆ ಹಣ ಕೊಟ್ಟು ಆದ್ಯತೆ ಕೊಂಡವರು. ಕೆಳಗೆ ಪುಕ್ಕಟೆಯಾಗಿ ಬರುವ ಸಾಮಾನ್ಯರು. ನಡುವಿನ ದರ್ಜೆಯ ಪರವಾನಗಿಗಳಿಗೆ 2020ರ ಹರಾಜಿನಲ್ಲಿ 458 ಕೋಟಿ ಡಾಲರ್ ಬಂತು. ಆದರೆ ದುಡ್ಡು ಕೊಟ್ಟವನೂ ಬಳಸದೆ ಬಿಟ್ಟರೆ ಆ ಜಾಗವನ್ನು ಪುಕ್ಕಟೆಯವನು ಬಳಸಬಹುದು. ನನಗೆ ಇಷ್ಟವಾದ ನಿಯಮ ಇದೇ. ಎಲ್ಲರ ಮೇಲೂ ಕಣ್ಣಿಡಲು ಮೋಡದಲ್ಲಿ ಕೂತ ತಂತ್ರಾಂಶವಿದೆ. ಪ್ರತಿ ಗೋಪುರವೂ ಅದರ ಅಪ್ಪಣೆ ಪಡೆದೇ ಬಾಯಿ ತೆರೆಯಬೇಕು, ಆಗಾಗ ನಾನಿದ್ದೇನೆ ಎಂದು ಹಾಜರಿ ಹಾಕುತ್ತಿರಬೇಕು.

ಹಡಗಿನ ಸುದ್ದಿ ಕೊಡುವವರು ಯಾರು? ಅದಕ್ಕೆ ಕರಾವಳಿಯುದ್ದಕ್ಕೂ ಮೂರನೆಯವರು ಸಂವೇದಕಗಳನ್ನು ನೆಟ್ಟರು. ರೇಡಾರಿನ ಮಿಡಿತ ಕೇಳಿದೊಡನೆ ಸಂವೇದಕ ತಂತ್ರಾಂಶಕ್ಕೆ ಹೇಳುತ್ತದೆ. ಐದು ನಿಮಿಷದೊಳಗೆ ಆ ಪ್ರದೇಶದ ಗೋಪುರಗಳು ಜಾಗ ಬದಲಿಸಬೇಕು, ಇಲ್ಲವೇ ಸುಮ್ಮನಾಗಬೇಕು. ಎಲ್ಲಿಂದ ಬಂತು, ಯಾವ ಹಡಗು ಎಂಬುದು ಯಾರಿಗೂ ತಿಳಿಯುವುದಿಲ್ಲ. ನೌಕಾಪಡೆಯ ಗುಟ್ಟೂ ಉಳಿಯಿತು, ಬಂದರಿನ ಕ್ರೇನುಗಳಿಗೆ, ಕಾರ್ಖಾನೆಗಳಿಗೆ, ಹಳ್ಳಿಯ ಇಂಟರ್ನೆಟ್‌ನವರಿಗೆ ತರಂಗವೂ ಸಿಕ್ಕಿತು. ಒಂದು ತಮಾಷೆಯೂ ಸೇರಿಕೊಂಡಿತು. ಸಂವೇದಕಕ್ಕೆ ದೂರದ ಹಡಗು ಕೇಳಿಸಬೇಕಾದರೆ ಅದರ ಸುತ್ತಮುತ್ತ ಗದ್ದಲ ಇರಬಾರದು. ಹಾಗಾಗಿ ಪ್ರತಿ ಸಂವೇದಕದ ಸುತ್ತಲೂ ಗೋಪುರಗಳು ಪಿಸುಮಾತಿನಲ್ಲೇ ಕೆಲಸ ಸಾಗಿಸಬೇಕಾದ ವಲಯಗಳು ಹುಟ್ಟಿಕೊಂಡವು. ರೇಡಾರಿಗೆಂದು ಬಿಟ್ಟ ಜಾಗ ಕುಗ್ಗಿದ ಮೇಲೆ ರೇಡಾರನ್ನು ಕೇಳಿಸಿಕೊಳ್ಳುವವನಿಗೂ ಜಾಗ ಬಿಡಬೇಕಾಯಿತು.

6 ಗಿಗಾಹರ್ಟ್ಸಿನಲ್ಲಿ ನಡೆದದ್ದು ಇನ್ನೂ ಸರಳ, ಇನ್ನೂ ಧೈರ್ಯದ್ದು. 2020ರ ಏಪ್ರಿಲಿನಲ್ಲಿ ಎಫ್‌ಸಿಸಿ 5,925ರಿಂದ 7,125ರವರೆಗೆ 1,200 ಮೆಗಾಹರ್ಟ್ಸನ್ನು ಒಮ್ಮೆಲೇ ವೈ-ಫೈಗೆ ತೆರೆಯಿತು. ಅಲ್ಲಿ ವಿದ್ಯುತ್ ಕಂಪನಿಗಳ, ತುರ್ತು ಸೇವೆಗಳ ಮೈಕ್ರೊವೇವ್ ಕೊಂಡಿಗಳಿದ್ದವು, ಉಪಗ್ರಹಗಳಿದ್ದವು. ಮನೆಯೊಳಗಿನ ಸಣ್ಣ ರೌಟರ್ ಆಲಿಸಬೇಕಿಲ್ಲ, ಕಡತ ಕೇಳಬೇಕಿಲ್ಲ; ಗೋಡೆಯೇ ತಡೆಯುತ್ತದೆ ಎಂದು ತೀರ್ಮಾನವಾಯಿತು. ಹಾಗಾದರೆ ರೌಟರ್ ಮನೆಯೊಳಗೇ ಇರುತ್ತದೆ ಎಂಬ ಖಾತ್ರಿ? ಅದನ್ನು ಪ್ಲಾಸ್ಟಿಕ್ಕಿನಲ್ಲೇ ಬರೆದರು. ಈ ರೌಟರುಗಳಿಗೆ ಮಳೆ ತಡೆಯುವ ಕವಚ ಇರಬಾರದು, ಬ್ಯಾಟರಿಯಲ್ಲಿ ಓಡಬಾರದು, ಆಂಟೆನಾ ಬಿಚ್ಚಿ ಬೇರೆಯದು ಹಾಕುವಂತಿರಬಾರದು. ಹೊರಗಿಟ್ಟವನ ರೌಟರನ್ನು ಮೊದಲ ಮಳೆಯೇ ವಿಚಾರಿಸಿಕೊಳ್ಳುತ್ತದೆ. ಹಳೆಯ ಬಳಕೆದಾರರು ನ್ಯಾಯಾಲಯಕ್ಕೆ ಹೋದರು. 2021ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಮುಖ್ಯ ವಿಷಯಗಳಲ್ಲಿ ಆದೇಶವನ್ನು ಎತ್ತಿಹಿಡಿಯಿತು. ಹೊರಗೆ ಹೆಚ್ಚು ಶಕ್ತಿಯಲ್ಲಿ ಬಳಸುವವರು ಮಾತ್ರ ಕಡತವನ್ನು ಕೇಳಲೇಬೇಕು. ಆ ಕಡತ ನಡೆಸುವ ಕೇಂದ್ರಗಳಿಗೆ ಅನುಮೋದನೆ ಸಿಕ್ಕಿದ್ದು 2024ರಲ್ಲಿ.

ಭಾರತದಲ್ಲಿ ಇದೇ ಪಟ್ಟಿಗಾಗಿ ಹಗ್ಗಜಗ್ಗಾಟ ನಡೆಯಿತು. ಪೂರ್ತಿ ನಮಗೆ ಬೇಕು, ಹರಾಜಿನಲ್ಲಿ ಕೊಳ್ಳುತ್ತೇವೆ ಎಂದವರು ಮೊಬೈಲ್ ಕಂಪನಿಗಳು; ಪೂರ್ತಿ ಬಿಟ್ಟುಬಿಡಿ ಎಂದವರು ವೈ-ಫೈ ಕಡೆಯವರು. 2025ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ಹೊರಡಿಸಿದ ಕರಡು ನಿಯಮಗಳು ಕೆಳಗಿನ 500 ಮೆಗಾಹರ್ಟ್ಸನ್ನು, 5,925ರಿಂದ 6,425ರವರೆಗೆ, ಲೈಸೆನ್ಸಿಲ್ಲದ ಬಳಕೆಗೆ ಗುರುತಿಸಿದವು. ಮೇಲಿನ ಭಾಗ ಮೊಬೈಲಿನ ಕಡೆಗೆ ವಾಲಿದೆ. ಕೆಳಗಿನ ಭಾಗಕ್ಕೆ ಆ ಕರಡಿನ ಷರತ್ತುಗಳು ಹೀಗಿದ್ದವು: ಮನೆಯೊಳಗೆ ಒಂದು ವ್ಯಾಟ್, ಹೊರಗೆ ಬರೀ 25 ಮಿಲಿವ್ಯಾಟ್. ಎಣ್ಣೆ ಬಾವಿಯ ಕಡಲಕಟ್ಟೆಗಳ ಮೇಲೆ ಕೂಡದು, ಡ್ರೋನಿನಲ್ಲಿ ಕೂಡದು. ಕಾರು, ರೈಲು, ದೋಣಿಗಳ ಒಳಗೂ ಕೂಡದು. ವಿಮಾನದಲ್ಲಿ ಹತ್ತು ಸಾವಿರ ಅಡಿ ದಾಟಿದ ಮೇಲೆ ಪರವಾಗಿಲ್ಲ.

ಕೆಳಗಿನ ಈ ಭಾಗದಲ್ಲಿ ನಮ್ಮ ಹಳೆಯ ಹಕ್ಕುದಾರರಲ್ಲಿ ದೊಡ್ಡವರು ಉಪಗ್ರಹಗಳು. ಹಾಸನದ ಮಾಸ್ಟರ್ ಕಂಟ್ರೋಲ್ ಕೇಂದ್ರದಿಂದ ನಿಯಂತ್ರಣಗೊಳ್ಳುವ ಇನ್ಸಾಟ್, ಜಿಸ್ಯಾಟ್‌ಗಳ ಸಿ-ಬ್ಯಾಂಡಿಗೆ ನೆಲದಿಂದ ಮೇಲೇರುವ ಸಂಕೇತ ಇರುವುದು ಇಲ್ಲೇ. ಕಾಪಾಡಬೇಕಾದ ಕಿವಿ ಈ ಸಲ ಪಕ್ಕದ ಮನೆಯಲ್ಲಿಲ್ಲ, 36,000 ಕಿಲೋಮೀಟರ್ ಮೇಲಿದೆ, ಇಡೀ ದೇಶದತ್ತ ತಿರುಗಿದೆ. ಒಂದು ರೌಟರ್ ಅದಕ್ಕೆ ಲೆಕ್ಕವೇ ಅಲ್ಲ. ಕೋಟಿಗಟ್ಟಲೆ ರೌಟರುಗಳಿಂದ ಮೇಲಕ್ಕೆ ಸೋರುವ ಒಟ್ಟು ಮೊತ್ತ ಎಷ್ಟು ಎಂಬುದೇ ಲೆಕ್ಕ. ಅದಕ್ಕೆ ಉತ್ತರ ಹುಡುಕುವವರು ಗೋಡೆಗಿಂತ ಹೆಚ್ಚಾಗಿ ಛಾವಣಿಯನ್ನು ನೋಡಬೇಕು. ಕಬ್ಬಿಣ ಹಾಕಿದ ಕಾಂಕ್ರೀಟ್ ತಾರಸಿ ತಡೆಯುವಷ್ಟನ್ನು ಹೆಂಚಿನ ಮಾಡು ತಡೆಯುವುದಿಲ್ಲ.